‘ಹಿಂದ್ ಸ್ವರಾಜ್’ ಸಂವಾದದಲ್ಲಿ ಭಿನ್ನಮತದ ಮರ್ಯಾದೆ

ಪೂರ್ವಪಕ್ಷವನ್ನು ಮೊದಲು ಮಂಡಿಸಿ, ಅದರ ಬಲವೆಷ್ಟೋ ಅಷ್ಟನ್ನು ಒಪ್ಪಿಕೊಂಡು, ಅನಂತರ ಸಿದ್ಧಾಂತವನ್ನು ಸ್ಥಾಪಿಸುವುದು ನಮ್ಮ ಶಾಸ್ತ್ರಗ್ರಂಥಗಳ ಪರಿಪಾಟಿ. ಪ್ರತಿವಾದಿಯ ಮಾತನ್ನು ಅವನಿಗಿಂತ ಚೆನ್ನಾಗಿ ಹೇಳಬಲ್ಲವನೇ ಅವನನ್ನು ಖಂಡಿಸಲು ಅಧಿಕಾರಿಯೆಂಬ ತಿಳುವಳಿಕೆ ಈ ಪರಿಪಾಟಿಯ ಹಿಂದೆ ಇದೆ. ಆದರೆ ಈ ಶಿಸ್ತು ದರ್ಶನಗ್ರಂಥಗಳಲ್ಲಿ ಉಳಿದಷ್ಟು ರಾಜಕೀಯ ಬರವಣಿಗೆಯಲ್ಲಿ ಉಳಿಯಲಿಲ್ಲ. ಅಲ್ಲಿ ಪ್ರತಿವಾದಿಯೆಂದರೆ ಶತ್ರು. ಅವನ ಮಾತಿಗಿಂತ ಮೊದಲು ಅವನ ಉದ್ದೇಶವನ್ನೇ ಸಂಶಯಿಸುವುದು ವಾಡಿಕೆ. ಈ ವಾಡಿಕೆಗೆ ವಿರುದ್ಧವಾಗಿ ನಿಂತ ಒಂದು ಚಿಕ್ಕ ಗ್ರಂಥವನ್ನು, ಅದರ ತತ್ತ್ವಕ್ಕಾಗಿ ಅಲ್ಲ, ಅದರ ಸಂವಾದಕ್ರಮಕ್ಕಾಗಿ ಇಲ್ಲಿ ಪರಿಶೀಲಿಸಬೇಕೆಂದಿದ್ದೇನೆ. ಗಾಂಧೀಜಿಯವರ ‘ಹಿಂದ್ ಸ್ವರಾಜ್’ ಆ ಗ್ರಂಥ. ಯಂತ್ರನಾಗರಿಕತೆಯ ವಿಮರ್ಶೆಯೆಂದು ಅದನ್ನು ಓದಿದವರು ಅನೇಕರಿದ್ದಾರೆ. ಅಹಿಂಸೆಯ ಸೂತ್ರಗ್ರಂಥವೆಂದು ಓದಿದವರೂ ಇದ್ದಾರೆ. ಪಕ್ಷಭೇದದಿಂದ ಬಿರುಕುಬಿಟ್ಟ ಒಂದು ಸಮಾಜದಲ್ಲಿ ಮಾತನಾಡುವುದು ಹೇಗೆಂಬ ಪ್ರಶ್ನೆಯನ್ನು ಎತ್ತಿಕೊಂಡ ಕೃತಿಯೆಂದು ಅದನ್ನು ಓದಿದವರು ಕಡಮೆ.

ಕೃತಿ ಹುಟ್ಟಿದ ಸಂದರ್ಭವನ್ನು ಸ್ವಲ್ಪದಲ್ಲಿ ನೆನೆಯಬೇಕು. 1909ರ ಜುಲೈ 1ರಂದು ಲಂಡನ್ನಿನಲ್ಲಿ ಮದನ್‌ಲಾಲ್ ಢೀಂಗ್ರಾ ಎಂಬ ತರುಣ ವಿದ್ಯಾರ್ಥಿ ಸರ್ ಕರ್ಜನ್ ವೈಲಿಯನ್ನು ಗುಂಡಿಟ್ಟು ಕೊಂದನು. ಕೆಲವೇ ದಿನಗಳಲ್ಲಿ ಟ್ರಾನ್ಸ್‌ವಾಲಿನ ಭಾರತೀಯರ ನಿಯೋಗಿಯಾಗಿ ಗಾಂಧೀಜಿ ಲಂಡನ್ನಿಗೆ ಬಂದರು. ನಾಲ್ಕು ತಿಂಗಳ ಕಾಲ ಅವರು ಅಲ್ಲಿದ್ದಾಗ ಸಶಸ್ತ್ರ ಕ್ರಾಂತಿಯನ್ನು ನಂಬಿದ ತರುಣರೊಡನೆ ಅವರಿಗೆ ಬಹಳ ಚರ್ಚೆಗಳಾದವು. ನಿಯೋಗ ಸಫಲವಾಗಲಿಲ್ಲ. ನವೆಂಬರ್ 13ರಂದು ‘ಕಿಲ್ಡೋನನ್ ಕ್ಯಾಸಲ್’ ಎಂಬ ಹಡಗನ್ನೇರಿ ದಕ್ಷಿಣ ಆಫ್ರಿಕೆಗೆ ಹೊರಟವರು ಹಡಗಿನ ಕಾಗದದ ಮೇಲೆಯೇ ಹತ್ತು ದಿನಗಳಲ್ಲಿ, ಗುಜರಾತಿಯಲ್ಲಿ, 275 ಪುಟಗಳ ಹಸ್ತಪ್ರತಿಯನ್ನು ಬರೆದು ಮುಗಿಸಿದರು. ಬಲಗೈ ಸೋತಾಗ ಎಡಗೈಯಿಂದ ಸುಮಾರು ನಲವತ್ತು ಪುಟಗಳನ್ನು ಬರೆದರು. ಡಿಸೆಂಬರ್ 11 ಮತ್ತು 18ರ ‘ಇಂಡಿಯನ್ ಒಪಿನಿಯನ್’ ಸಂಚಿಕೆಗಳಲ್ಲಿ ಅದು ಪ್ರಕಟವಾಯಿತು. 1910ರ ಜನವರಿಯಲ್ಲಿ ಪುಸ್ತಕವಾಯಿತು. ಮಾರ್ಚಿಯಲ್ಲಿ ಮುಂಬಯಿ ಸರ್ಕಾರ ಅದನ್ನು ಮುಟ್ಟುಗೋಲು ಹಾಕಿಕೊಂಡಿತು. ಹಿಂಸೆಯನ್ನು ನಿರಾಕರಿಸುವ ಪುಸ್ತಕವನ್ನು ಸರ್ಕಾರ ಏಕೆ ಹೆದರಿ ತಡೆಯಿತೆಂಬುದು ವಿನೋದದ ಸಂಗತಿಯಾದರೂ ಅದನ್ನು ಇಲ್ಲಿ ಬೆಳೆಸಬೇಕಾಗಿಲ್ಲ.

ಇದಕ್ಕೂ ಎರಡು ವರ್ಷ ಮೊದಲು ನಡೆದ ಇನ್ನೊಂದು ಘಟನೆಯನ್ನು ಮರೆತರೆ ಈ ಕೃತಿಯ ಮೊದಲ ಅಧ್ಯಾಯಗಳ ಅರ್ಥ ತೆರೆದುಕೊಳ್ಳದು. 1907ರ ಡಿಸೆಂಬರಿನಲ್ಲಿ ಸೂರತ್ತಿನಲ್ಲಿ ಸೇರಿದ ಕಾಂಗ್ರೆಸ್ ಅಧಿವೇಶನ ಒಡೆದುಹೋಯಿತು. ರಾಸಬಿಹಾರಿ ಘೋಷರ ಅಧ್ಯಕ್ಷತೆಯನ್ನು ಕುರಿತು ಎದ್ದ ವಿವಾದ ಮೊದಲ ದಿನ ಕೂಗಾಟದಲ್ಲಿ ಮುಗಿಯಿತು. ಎರಡನೆಯ ದಿನ ಟಿಳಕರು ವೇದಿಕೆಯನ್ನೇರಿ ಮಾತನಾಡಲು ನಿಂತಾಗ ಸಭೆಯಿಂದ ತೂರಿಬಂದ ಒಂದು ಮರಾಠಿ ಜೋಡು ಸುರೇಂದ್ರನಾಥ ಬ್ಯಾನರ್ಜಿಯವರಿಗೂ ಫಿರೋಜ್ ಶಾ ಮೆಹತಾರವರಿಗೂ ತಗುಲಿತು. ಮುಂದೆ ಕುರ್ಚಿಗಳು ಹಾರಿದವು, ದೊಣ್ಣೆಗಳು ಎದ್ದವು. ಮಂದಗಾಮಿಗಳು, ತೀವ್ರಗಾಮಿಗಳು ಎಂಬ ಎರಡು ಪಂಗಡಗಳು ಮತ್ತೆ ಒಂದಾಗಲು 1916ರ ಲಕ್ನೋ ಅಧಿವೇಶನದ ತನಕ ಕಾಯಬೇಕಾಯಿತು. ಈ ಗಲಭೆಯನ್ನು ಕಣ್ಣಾರೆ ಕಂಡ ನೆವಿನ್ಸನ್ ಎಂಬ ಇಂಗ್ಲಿಷ್ ಪತ್ರಕರ್ತ ತನ್ನ ಪ್ರವಾಸಗ್ರಂಥದಲ್ಲಿ ಒಂದು ಸಂಗತಿಯನ್ನು ದಾಖಲಿಸಿದ್ದಾನೆ. ಟಿಳಕರ ಮೇಲೆ ಜನ ಏರಿ ಬಂದಾಗ ಅವರ ಪಕ್ಕದಲ್ಲಿ ಎರಡು ತೋಳುಗಳನ್ನೂ ಚಾಚಿ ಅಡ್ಡ ನಿಂತವರು ಗೋಪಾಲಕೃಷ್ಣ ಗೋಖಲೆ. ಟಿಳಕರ ರಾಜಕಾರಣವನ್ನು ಆಜೀವ ವಿರೋಧಿಸಿದ ವ್ಯಕ್ತಿ ಅವರು. ಜೋಡು ತೂರಿದ ಕೈ ಯಾರದೆಂಬುದನ್ನು ಕುರಿತು ಪುಟಗಟ್ಟಲೆ ಬರೆದಿದ್ದಾರೆ. ಅಡ್ಡ ಚಾಚಿದ ಕೈಗಳನ್ನು ಕುರಿತು ಬರೆದದ್ದು ಅಲ್ಪ.

‘ಹಿಂದ್ ಸ್ವರಾಜ್’ ಇಪ್ಪತ್ತು ಅಧ್ಯಾಯಗಳ ಸಂವಾದ. ಪ್ರಶ್ನಿಸುವವನು ‘ಓದುಗ’, ಉತ್ತರಿಸುವವನು ‘ಸಂಪಾದಕ’. ಓದುಗನು ತೀವ್ರಗಾಮಿ, ಅವನಿಗೆ ತಾಳ್ಮೆಯಿಲ್ಲ. ಸ್ವರಾಜ್ಯವನ್ನು ಕುರಿತು ಕೇಳಲು ಬಂದವನಿಗೆ ಸಂಪಾದಕನು ಕಾಂಗ್ರೆಸ್ಸಿನ ಹಿರಿಯರ ಕಥೆಯನ್ನು ತೆಗೆದರೆ ಅವನು ರೇಗುತ್ತಾನೆ. ದಾದಾಭಾಯಿ ನವರೋಜಿಯವರ ಹೆಸರೇ ಅವನಿಗೆ ಬೇಡ. ಇಂಗ್ಲಿಷರ ನ್ಯಾಯಬುದ್ಧಿಯನ್ನು ನಂಬಿ ಅರ್ಜಿ ಬರೆದವರಿಂದ ದೇಶಕ್ಕೇನಾಯಿತು ಎಂಬುದು ಅವನ ತಕರಾರು. ಇಲ್ಲಿ ಸಂಪಾದಕನು ಎರಡು ದಾರಿಗಳಲ್ಲಿ ಒಂದನ್ನು ಹಿಡಿಯಬಹುದಾಗಿತ್ತು: ದಾದಾಭಾಯಿಯವರ ಮಾರ್ಗವೇ ಸರಿಯೆಂದು ವಾದಿಸಬಹುದಿತ್ತು, ಇಲ್ಲವೆ ಓದುಗನ ಉತ್ಸಾಹಕ್ಕೆ ತಲೆದೂಗಿ ಹಿರಿಯರನ್ನು ಬದಿಗೆ ಸರಿಸಬಹುದಿತ್ತು. ಅವನು ಎರಡನ್ನೂ ಮಾಡುವುದಿಲ್ಲ. ದಾದಾಭಾಯಿಯವರ ಮಾರ್ಗ ತನ್ನದಲ್ಲವೆಂಬುದನ್ನು ಮರೆಮಾಡದೆಯೇ, ಅವರು ಸಿದ್ಧಪಡಿಸಿದ ನೆಲದ ಮೇಲೆ ತಾವು ನಿಂತಿದ್ದೇವೆಂಬುದನ್ನು ನೆನಪಿಸುತ್ತಾನೆ. ಮೇಲೆ ಹತ್ತಿದವನು ತಾನು ಹತ್ತಿ ಬಂದ ಮೆಟ್ಟಿಲನ್ನು ಕಿತ್ತರೆ ಇಡೀ ಸೋಪಾನವೇ ಉರುಳುತ್ತದೆ ಎಂಬ ಅರ್ಥದ ದೃಷ್ಟಾಂತ ಅಲ್ಲಿ ಬರುತ್ತದೆ. ನಮ್ಮ ವಿಚಾರವೊಂದೇ ಒಳ್ಳೆಯದು, ಬೇರೆ ವಿಚಾರವುಳ್ಳವರೆಲ್ಲ ದೇಶದ ವೈರಿಗಳು ಎನ್ನುವುದು ಕೆಟ್ಟ ಚಾಳಿ ಎಂದು ಅವನು ನೇರವಾಗಿಯೇ ಹೇಳುತ್ತಾನೆ.

ಈ ಮಾತು ಕೃತಿಯ ಮೊದಲ ಅಧ್ಯಾಯದಲ್ಲಿಯೇ ಬಂದಿರುವುದು ಗಮನಾರ್ಹ. ಸ್ವರಾಜ್ಯವೆಂದರೇನು ಎಂಬ ಲಕ್ಷಣನಿರೂಪಣೆ ನಾಲ್ಕನೆಯ ಅಧ್ಯಾಯದವರೆಗೆ ಕಾಯುತ್ತದೆ; ನಾಗರಿಕತೆಯ ವಿಮರ್ಶೆ ಇನ್ನೂ ತಡವಾಗಿ ಬರುತ್ತದೆ. ಇವುಗಳಿಗಿಂತ ಮುಂಚೆ ಓದುಗನಿಂದ ಸಂಪಾದಕ ಬೇಡುವುದು ಹಿರಿಯರ ವಿಷಯದಲ್ಲಿ ಒಂದಿಷ್ಟು ಮರ್ಯಾದೆ. ತತ್ತ್ವಜಿಜ್ಞಾಸೆಗೆ ಅಧಿಕಾರಿಯಾಗಲು ಶಮದಮಾದಿಗಳು ಬೇಕೆಂದು ವೇದಾಂತಗ್ರಂಥಗಳು ಮೊದಲಿಗೇ ಹೇಳುವಂತೆ, ಇಲ್ಲಿ ರಾಜಕೀಯ ಜಿಜ್ಞಾಸೆಗೂ ಒಂದು ಅಧಿಕಾರಲಕ್ಷಣವನ್ನು ಹೇಳಿದಂತಿದೆ. ಓದುಗನು ಒಪ್ಪಿದನೆ? ಪೂರ್ಣವಾಗಿ ಇಲ್ಲ. ಅಷ್ಟಿಷ್ಟು ಒಪ್ಪಿ, ಉಳಿದುದನ್ನು ಸಂಶಯದಲ್ಲಿಯೇ ಇಟ್ಟುಕೊಂಡು ಮುಂದಿನ ಪ್ರಶ್ನೆಗೆ ಹೋಗುತ್ತಾನೆ. ಸಂಪಾದಕನೂ ಅವನಿಂದ ಅದಕ್ಕಿಂತ ಹೆಚ್ಚನ್ನು ಕೇಳುವುದಿಲ್ಲ.

ಎರಡನೆಯ ಅಧ್ಯಾಯ ಬಂಗಾಲದ ವಿಭಜನೆಯನ್ನು ಕುರಿತದ್ದು. 1905ರ ಆ ವಿಭಜನೆಯಿಂದ ದೇಶ ಎಚ್ಚೆತ್ತಿತೆಂಬುದನ್ನು ಹೇಳಿದ ಮೇಲೆ, ಅದರ ಜೊತೆಗೇ ಇನ್ನೊಂದು ವಿಭಜನೆಯೂ ಆಯಿತೆಂದು ಸಂಪಾದಕನು ಸೇರಿಸುತ್ತಾನೆ. ಅದು ನಾಯಕರ ನಡುವಿನದು. ಇಲ್ಲಿ ಗಾಂಧೀಜಿಯವರ ಭಾಷಾಪ್ರಜ್ಞೆ ಬಹಳ ಸೂಕ್ಷ್ಮವಾಗಿ ಕೆಲಸಮಾಡಿದೆ. ಒಂದೇ ಪಂಗಡವನ್ನು ಒಬ್ಬರು ಸೌಮ್ಯರೆಂದು, ಇನ್ನೊಬ್ಬರು ಹೇಡಿಗಳೆಂದು ಕರೆಯುವರು. ಮತ್ತೊಂದನ್ನು ಒಬ್ಬರು ದುಡುಕಿನವರೆಂದು, ಇನ್ನೊಬ್ಬರು ಧೀರರೆಂದು ಕರೆಯುವರು. ಪ್ರತಿಯೊಬ್ಬರೂ ತಮ್ಮ ತಮ್ಮ ಪೂರ್ವಗ್ರಹಕ್ಕೆ ತಕ್ಕಂತೆ ಆ ಪದಗಳಿಗೆ ಅರ್ಥ ಕಟ್ಟಿಕೊಳ್ಳುವರು ಎಂಬುದನ್ನು ಅವರು ತೋರಿಸುತ್ತಾರೆ. ತಾವಾಗಿ ಎರಡೂ ಕಡೆಯವರಿಗೆ ನಿಧಾನದವರು, ಆತುರದವರು ಎಂಬ ಸಪ್ಪೆಯಾದ ಹೆಸರುಗಳನ್ನಿಡುತ್ತಾರೆ. ಸಪ್ಪೆಯಾಗಿರುವುದೇ ಈ ಹೆಸರುಗಳ ಗುಣ. ನಿಧಾನವೂ ಆತುರವೂ ಒಂದೇ ದಾರಿಯ ಎರಡು ನಡಿಗೆಗಳು. ಹೇಡಿತನ ಮತ್ತು ಧೈರ್ಯ ಹಾಗಲ್ಲ. ಹೆಸರಿಡುವ ಕ್ರಿಯೆಯಲ್ಲಿಯೇ ಜಗಳದ ಅರ್ಧ ಪಾಲು ಅಡಗಿರುತ್ತದೆಂಬುದನ್ನು ಅರಿತ ಲೇಖಕ ಮಾತ್ರ ಹೀಗೆ ಬರೆಯಬಲ್ಲ. ಈ ಎರಡು ಪಂಗಡಗಳು ಪರಸ್ಪರ ನಂಬುವುದಿಲ್ಲ, ಒಬ್ಬರು ಇನ್ನೊಬ್ಬರ ಮೇಲೆ ದುರುದ್ದೇಶವನ್ನು ಆರೋಪಿಸುತ್ತಾರೆ ಎಂಬಲ್ಲಿಗೆ ಅವರ ರೋಗನಿದಾನ ಮುಗಿಯುತ್ತದೆ. ಮತಭೇದವನ್ನು ಅವರು ರೋಗವೆಂದು ಕರೆಯಲಿಲ್ಲ, ಉದ್ದೇಶಾರೋಪವನ್ನು ಕರೆದರು.

ಐದನೆಯ ಅಧ್ಯಾಯದಲ್ಲಿ ಇಂಗ್ಲೆಂಡಿನ ಸ್ಥಿತಿಯನ್ನು ವರ್ಣಿಸುವಾಗ ಇದೇ ಎಳೆ ಬೇರೊಂದು ಬಣ್ಣದಲ್ಲಿ ಮರುಕಳಿಸುತ್ತದೆ. ಅಲ್ಲಿನ ಮತದಾರನಿಗೆ ಅವನ ಪತ್ರಿಕೆಯೇ ಧರ್ಮಗ್ರಂಥ. ಒಂದೇ ಸಂಗತಿಗೆ ಎರಡು ಪತ್ರಿಕೆಗಳು ಪಕ್ಷಾನುಸಾರ ಎರಡು ಅರ್ಥಗಳನ್ನು ಕೊಡುತ್ತವೆ. ಒಬ್ಬನೇ ಮನುಷ್ಯ ಒಂದರಲ್ಲಿ ಪ್ರಾಮಾಣಿಕತೆಯ ಪ್ರತಿಮೂರ್ತಿ, ಇನ್ನೊಂದರಲ್ಲಿ ವಂಚಕ. ಜನರ ಅಭಿಪ್ರಾಯ ಗಡಿಯಾರದ ಲೋಲಕದಂತೆ ಅತ್ತಿಂದಿತ್ತ ತೂಗುತ್ತದೆ. ಪಾರ್ಲಿಮೆಂಟಿನ ಸದಸ್ಯ ತನ್ನ ಪಕ್ಷಕ್ಕೆ ವಿಚಾರಿಸದೆ ಮತ ಹಾಕುತ್ತಾನೆ. ಯಾವನಾದರೂ ಸ್ವತಂತ್ರವಾಗಿ ಮತ ಹಾಕಿದರೆ ಅವನಿಗೆ ದ್ರೋಹಿಯ ಪಟ್ಟ. ಈ ವರ್ಣನೆ ಒಂದು ಶತಮಾನಕ್ಕಿಂತ ಹಳೆಯದು. ಈಗ ನಮ್ಮ ಮನೆಗಳಲ್ಲಿ ಸಂಜೆಯ ಹೊತ್ತು ದೂರದರ್ಶನದ ಪರದೆಯ ಮೇಲೆ ಆರೆಂಟು ಜನ ಏಕಕಾಲದಲ್ಲಿ ಕೂಗುವ ಚರ್ಚೆಗಳನ್ನು ನೋಡಿದವರಿಗೆ, ಗಡಿಯಾರದ ಲೋಲಕವಾದರೂ ಒಂದು ಲಯದಲ್ಲಿ ತೂಗುತ್ತಿತ್ತಲ್ಲ ಎನ್ನಿಸಿದರೆ ಆಶ್ಚರ್ಯವಿಲ್ಲ. ನನ್ನ ಊರಿನಲ್ಲಿ ನಲವತ್ತು ವರ್ಷ ಒಂದೇ ಕಟ್ಟೆಯ ಮೇಲೆ ಕುಳಿತು ಎಲೆಯಡಿಕೆ ಹಂಚಿಕೊಂಡ ಇಬ್ಬರು ವೃದ್ಧರು ಒಂದು ಚುನಾವಣೆಯ ಅನಂತರ ಮಾತು ಬಿಟ್ಟರು. ಒಬ್ಬರು ತೀರಿಕೊಂಡಾಗ ಇನ್ನೊಬ್ಬರು ಮಣ್ಣಿಗೆ ಬಂದರು, ಆದರೆ ದೂರ ನಿಂತು ಹೋದರು. ಅವರ ಕೈಯಲ್ಲಿದ್ದ ಮೊಬೈಲಿನಲ್ಲಿ ಬರುತ್ತಿದ್ದ ಸಂದೇಶಗಳೂ ಪಕ್ಷಕ್ಕೆ ತಕ್ಕಂತೆ ಎರಡು ತೆರನಾಗಿದ್ದವು. ಈ ಲೇಖನಕ್ಕೆ ಆ ದೃಶ್ಯವೂ ಒಂದು ಕಾರಣವೆಂಬುದನ್ನು ಮುಚ್ಚಿಡಬೇಕಾಗಿಲ್ಲ.

ಇಷ್ಟು ಹೇಳಿದ ಮೇಲೆ ಒಂದು ಆಕ್ಷೇಪವನ್ನು ಎದುರಿಸಲೇಬೇಕು. ‘ಹಿಂದ್ ಸ್ವರಾಜ್’ ಸಂಯಮದ ಗ್ರಂಥವೆ? ರೈಲುಗಳು, ವಕೀಲರು, ವೈದ್ಯರು ಭಾರತವನ್ನು ದರಿದ್ರಗೊಳಿಸಿದರೆಂದು ಹೇಳುವ ಗ್ರಂಥವಿದು. ಇಂಗ್ಲಿಷ್ ಪಾರ್ಲಿಮೆಂಟನ್ನು ಬಂಜೆಗೂ ವೇಶ್ಯೆಗೂ ಹೋಲಿಸುವ ಗ್ರಂಥವಿದು. ಸ್ವತಃ ಗೋಖಲೆಯವರು 1912ರಲ್ಲಿ ದಕ್ಷಿಣ ಆಫ್ರಿಕೆಗೆ ಹೋದಾಗ ಇದನ್ನು ಓದಿ, ಇದು ಒರಟಾದ, ಅವಸರದಲ್ಲಿ ಹುಟ್ಟಿದ ಬರವಣಿಗೆಯೆಂದೂ, ಭಾರತದಲ್ಲಿ ಒಂದು ವರ್ಷ ಕಳೆದ ಮೇಲೆ ಗಾಂಧಿಯವರೇ ಇದನ್ನು ನಾಶಮಾಡುವರೆಂದೂ ಹೇಳಿದ್ದರೆಂಬುದನ್ನು ಮಹಾದೇವ ದೇಸಾಯಿಯವರು 1938ರ ಆವೃತ್ತಿಗೆ ಬರೆದ ಮುನ್ನುಡಿಯಲ್ಲಿ ಕಾಣುತ್ತೇವೆ. ಆ ಭವಿಷ್ಯ ಸುಳ್ಳಾಯಿತು. ಗಾಂಧೀಜಿ ಪುಸ್ತಕವನ್ನು ಸುಡಲಿಲ್ಲ. ಗೋಖಲೆಯವರನ್ನು ರಾಜಕೀಯ ಗುರುವೆಂದು ಕರೆಯುವುದನ್ನೂ ಬಿಡಲಿಲ್ಲ. ಗುರುವು ಒಪ್ಪದ ಗ್ರಂಥವನ್ನು ಶಿಷ್ಯ ಇಟ್ಟುಕೊಂಡ, ಗ್ರಂಥವನ್ನು ಒಪ್ಪದ ಗುರುವನ್ನೂ ಇಟ್ಟುಕೊಂಡ.

ಆಕ್ಷೇಪಕ್ಕೆ ಉತ್ತರ ಇಲ್ಲಿಯೇ ಇದೆಯೆಂದು ನನ್ನ ಭಾವನೆ. ಸಂಯಮವೆಂದರೆ ಅಭಿಪ್ರಾಯದ ಮಂದತೆಯೆಂದು ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ಎರಡು ತುದಿಗಳ ನಡುವೆ ಅಳತೆಗೋಲಿಟ್ಟು ಮಧ್ಯಬಿಂದುವಿನಲ್ಲಿ ಕುಳಿತವನೇ ಸಂಯಮಿ ಎನ್ನುವುದಾದರೆ ಗಾಂಧೀಜಿ ಸಂಯಮಿಯಲ್ಲ. ಅವರ ಅಭಿಪ್ರಾಯಗಳು ತೀವ್ರಗಾಮಿಗಳಿಗಿಂತಲೂ ತೀವ್ರವಾದವು. ಟಿಳಕರಿಗೆ ಬೇಕಾಗಿದ್ದುದು ಇಂಗ್ಲಿಷರ ಕೈಯಿಂದ ಆಡಳಿತ. ‘ಹಿಂದ್ ಸ್ವರಾಜ್’ನ ಸಂಪಾದಕನು ಆ ಆಡಳಿತದ ಸ್ವರೂಪವನ್ನೇ ಬೇಡವೆನ್ನುತ್ತಾನೆ. ಆದರೆ ಸಂಸ್ಥೆಗಳನ್ನು ಕುರಿತು ಇಷ್ಟು ನಿಷ್ಠುರವಾದ ಬರವಣಿಗೆ ವ್ಯಕ್ತಿಗಳ ವಿಷಯಕ್ಕೆ ಬಂದಾಗ ತಟ್ಟನೆ ಮೆತ್ತಗಾಗುತ್ತದೆ. ವಕೀಲವೃತ್ತಿಯನ್ನು ಖಂಡಿಸುವಾಗಲೂ ಒಳ್ಳೆಯದನ್ನು ಮಾಡಿದ ವಕೀಲರಿದ್ದಾರೆಂಬುದನ್ನು ಅದು ಮರೆಯುವುದಿಲ್ಲ. ಢೀಂಗ್ರಾನ ವಿಷಯವಂತೂ ಕಠಿನ ಪರೀಕ್ಷೆ. ಗಲ್ಲಿಗೇರಿ ಮೂರು ತಿಂಗಳಾಗಿದ್ದ ಆ ತರುಣನನ್ನು ಸಂಪಾದಕನು ದೇಶಭಕ್ತನೆಂದೇ ಒಪ್ಪುತ್ತಾನೆ. ಅವನ ಭಕ್ತಿ ಕುರುಡಾಗಿತ್ತು, ಅವನು ದೇಹವನ್ನು ತಪ್ಪು ದಾರಿಯಲ್ಲಿ ಒಪ್ಪಿಸಿದನು ಎನ್ನುತ್ತಾನೆ. ಕೃತ್ಯವನ್ನು ಪೂರ್ಣವಾಗಿ ನಿರಾಕರಿಸಿ ಕರ್ತೃವಿನ ಉದ್ದೇಶವನ್ನು ಮಾತ್ರ ಸಂಶಯಿಸದೆ ಬಿಡುವ ಈ ವಿವೇಚನೆ ಎರಡೂ ಪಕ್ಷಗಳಿಗೆ ಅಪ್ರಿಯವಾದದ್ದು. ಸರ್ಕಾರಕ್ಕೆ ಅವನು ಕೊಲೆಗಾರ, ಅಷ್ಟೆ. ಅವನ ಗೆಳೆಯರಿಗೆ ಹುತಾತ್ಮ, ಅಷ್ಟೆ.

ಪಾರ್ಲಿಮೆಂಟಿಗೆ ಕೊಟ್ಟ ಆ ಉಪಮೆಯ ಕಥೆಯನ್ನೂ ಹೇಳಬೇಕು. ಒಬ್ಬ ಇಂಗ್ಲಿಷ್ ಮಹಿಳೆ ಆ ಪದವನ್ನು ಆಕ್ಷೇಪಿಸಿದರು. ಈ ಪುಸ್ತಕದಲ್ಲಿ ತಾವು ಹಿಂತೆಗೆದುಕೊಳ್ಳುವುದು ಆ ಒಂದು ಪದವನ್ನು ಮಾತ್ರ, ಅದೂ ಆ ಸ್ನೇಹಿತೆಯ ಮನಸ್ಸಿಗಾಗಿ ಎಂದು ಗಾಂಧೀಜಿ 1921ರಲ್ಲಿ ಬರೆದರು. ವಿಚಾರದಲ್ಲಿ ಒಂದು ಅಕ್ಷರವನ್ನೂ ಬಿಟ್ಟುಕೊಡದವರು ಒಂದು ಪದವನ್ನು ಬಿಟ್ಟುಕೊಟ್ಟರು. ಸಾರ್ವಜನಿಕ ವಾದದಲ್ಲಿ ಬಿಟ್ಟುಕೊಡಬಹುದಾದ್ದು ಯಾವುದು, ಬಿಡಬಾರದ್ದು ಯಾವುದು ಎಂಬುದಕ್ಕೆ ಇದಕ್ಕಿಂತ ಚಿಕ್ಕ ನಿದರ್ಶನ ಸಿಕ್ಕುವುದು ಕಷ್ಟ. ನಾವು ಸಾಮಾನ್ಯವಾಗಿ ಮಾಡುವುದು ಇದರ ವಿಪರ್ಯಾಸವನ್ನು: ವಿಚಾರವನ್ನು ಗಾಳಿ ಬಂದ ಕಡೆಗೆ ತೂರಿಬಿಡುತ್ತೇವೆ, ಬೈಗುಳವನ್ನು ಮಾತ್ರ ಬಿಗಿಯಾಗಿ ಹಿಡಿದುಕೊಳ್ಳುತ್ತೇವೆ.

ಹಿಂದೂ ಮುಸಲ್ಮಾನರನ್ನು ಕುರಿತ ಹತ್ತನೆಯ ಅಧ್ಯಾಯ ನನ್ನ ದೃಷ್ಟಿಯಲ್ಲಿ ಕೃತಿಯ ಅತ್ಯಂತ ಧೈರ್ಯದ ಭಾಗ. ಗೋರಕ್ಷಣೆಯಲ್ಲಿ ಶ್ರದ್ಧೆಯುಳ್ಳವನಾಗಿಯೇ ಸಂಪಾದಕನು, ಹಸುವಿಗಾಗಿ ಮುಸಲ್ಮಾನನೊಡನೆ ಬೇಡಿಕೊಳ್ಳುವೆನು, ಅಗತ್ಯವಾದರೆ ಪ್ರಾಣವನ್ನು ಕೊಡುವೆನು, ಸೋದರನ ಪ್ರಾಣವನ್ನು ತೆಗೆಯಲಾರೆನು ಎಂಬ ನಿಲುವನ್ನು ತಳೆಯುತ್ತಾನೆ. ಗೋರಕ್ಷಣ ಸಂಘಗಳಿಂದ ಗೋವಧೆಯೇ ಹೆಚ್ಚಿತೆಂದು ತನ್ನವರಿಗೇ ಕಟುವಾಗಿ ಹೇಳುತ್ತಾನೆ. ಇಬ್ಬರನ್ನು ಜಗಳಕ್ಕೆ ಹಚ್ಚುವವರು ಮೂರನೆಯವರು ಎಂದು ಓದುಗನು ಸಮಾಧಾನಪಟ್ಟುಕೊಳ್ಳಲು ಹೊರಟಾಗ ಸಂಪಾದಕನು ಆ ಸಮಾಧಾನವನ್ನೂ ಕೊಡುವುದಿಲ್ಲ. ಹಸಿಯ ಮಡಕೆ ಈ ಕಲ್ಲಿನಿಂದ ಒಡೆಯದಿದ್ದರೆ ಆ ಕಲ್ಲಿನಿಂದ ಒಡೆಯುತ್ತದೆ; ಕಲ್ಲುಗಳಿಂದ ಅದನ್ನು ದೂರವಿಡುವುದು ಉಪಾಯವಲ್ಲ, ಆವಿಗೆಯಲ್ಲಿ ಚೆನ್ನಾಗಿ ಸುಡುವುದೇ ಉಪಾಯ ಎಂಬುದು ಅವನ ದೃಷ್ಟಾಂತ. ಕುಂಬಾರನ ಕಾಯಕವನ್ನು ಬಲ್ಲವರಿಗೆ ಇದರ ಬೆಲೆ ತಿಳಿಯುತ್ತದೆ. ಸಂಯಮವನ್ನು ತಂಪಿಗೆ ಹೋಲಿಸುವುದು ರೂಢಿ. ಇಲ್ಲಿ ಅದು ಬೆಂಕಿಯಲ್ಲಿ ಬೆಂದದ್ದು.

ಇನ್ನು ಕೃತಿಯ ದೋಷವನ್ನು ಹೇಳಬೇಕು. ಸಂವಾದವೆಂಬ ಪ್ರಕಾರವನ್ನು ಆರಿಸಿಕೊಂಡವನು ಎದುರಾಳಿಗೆ ಗೆಲ್ಲುವ ಅವಕಾಶವನ್ನಾದರೂ ಇಡಬೇಕು. ಇಲ್ಲಿ ಓದುಗನು ಮೊದಲ ಹತ್ತು ಅಧ್ಯಾಯಗಳಲ್ಲಿ ಇದ್ದಷ್ಟು ಚುರುಕಾಗಿ ಕೊನೆಯ ಹತ್ತರಲ್ಲಿ ಇಲ್ಲ. ಅವನ ಪ್ರಶ್ನೆಗಳು ಕ್ರಮೇಣ ಸಂಪಾದಕನ ಉಪನ್ಯಾಸಕ್ಕೆ ನೆಪಗಳಾಗುತ್ತವೆ. ಸಂಪಾದಕನು ಎಲ್ಲಿಯೂ ತನ್ನ ಅಭಿಪ್ರಾಯವನ್ನು ಬದಲಿಸಿಕೊಳ್ಳುವುದಿಲ್ಲ. ಓದುಗನಿಂದ ಕಲಿತೆನೆಂದು ಒಮ್ಮೆಯೂ ಹೇಳುವುದಿಲ್ಲ. ಓದುಗನಿಗೆ ಒಂದು ಹೆಸರೂ ಇಲ್ಲ. 1940ರಲ್ಲಿ ಬಂಗಾಲದ ಮಾಲಿಕಾಂದದಲ್ಲಿ ಮಾತನಾಡುತ್ತ, ತನ್ನ ಆಪ್ತಮಿತ್ರರಾದ ಡಾ. ಪ್ರಾಣಜೀವನ ಮೆಹತಾರವರಿಗಾಗಿಯೇ ಈ ಪುಸ್ತಕವನ್ನು ಬರೆದುದಾಗಿಯೂ, ಇದರಲ್ಲಿನ ವಾದವೆಲ್ಲ ಅವರೊಡನೆ ನಡೆದದ್ದೆಂದೂ ಗಾಂಧೀಜಿ ತಿಳಿಸಿದರು. ಆದರೂ ಪುಸ್ತಕದೊಳಗೆ ಆ ಮಿತ್ರನಿಗೆ ತನ್ನ ದನಿ ತನ್ನದಾಗಿ ದೊರೆತಿಲ್ಲ.

ಈ ಪತ್ರಿಕೆಯ ವಾಚಕರಿಗೆ ಇಲ್ಲಿ ‘ಶೂನ್ಯಸಂಪಾದನೆ’ ನೆನಪಾಗುವುದು ಸಹಜ. ತತ್ತ್ವವನ್ನು ಬದಿಗಿಟ್ಟು ಕೇವಲ ಸಂವಾದದ ಬಂಧವನ್ನು ನೋಡಿದರೂ ಆ ಗ್ರಂಥದ ಒಂದು ವಿಶೇಷ ಎದ್ದುಕಾಣುತ್ತದೆ. ಅಲ್ಲಿ ಪ್ರಭುದೇವರೊಡನೆ ವಾದಿಸುವವರು ಸಂಪಾದನಕಾರನು ಕಲ್ಪಿಸಿದ ನೆರಳುಗಳಲ್ಲ. ಮುಕ್ತಾಯಕ್ಕ ತನ್ನ ‘ಅಜಗಣ್ಣ’ನ ಅಂಕಿತದೊಡನೆಯೇ ಬರುತ್ತಾಳೆ, ಪ್ರಭುವನ್ನೇ ಮರುಪ್ರಶ್ನಿಸುತ್ತಾಳೆ, ಸಿದ್ಧರಾಮರು ಕಪಿಲಸಿದ್ಧಮಲ್ಲಿಕಾರ್ಜುನನ ಅಂಕಿತದೊಡನೆಯೇ ಸಿಡಿದೇಳುತ್ತಾರೆ. ಸಂಪಾದನಕಾರನು ಅವರ ವಚನಗಳನ್ನು ಜೋಡಿಸಿದ್ದಾನೆ, ನಡುವೆ ಗದ್ಯದ ಬೆಸುಗೆ ಹಾಕಿದ್ದಾನೆ. ಆದರೆ ಅಂಕಿತವನ್ನು ಅಳಿಸಿಲ್ಲ. ಸಂವಾದದ ಕೊನೆಯಲ್ಲಿ ಒಬ್ಬರು ಬಾಗಿದರೂ ಅವರು ಬಾಗುವುದು ತಮ್ಮದೇ ನುಡಿಯಲ್ಲಿ. ಅಂಕಿತವೆಂಬುದು ಕೇವಲ ಇಷ್ಟದೈವದ ಹೆಸರೆಂದು ಭಾವಿಸುವವರುಂಟು. ಸಂವಾದದಲ್ಲಿ ಅದು ಪ್ರತಿವಾದಿಯ ಸ್ವತ್ತಿನ ಗಡಿಕಲ್ಲೂ ಹೌದು. ‘ಹಿಂದ್ ಸ್ವರಾಜ್’ನ ಓದುಗನಿಗೆ ಆ ಗಡಿಕಲ್ಲಿಲ್ಲ. ಈ ಹೋಲಿಕೆಯನ್ನು ಅತಿಗೆ ಎಳೆಯಬಾರದೆಂಬುದು ನಿಜ. ಒಂದು ಅನುಭಾವಗ್ರಂಥ, ಇನ್ನೊಂದು ಹಡಗಿನಲ್ಲಿ ಹತ್ತು ದಿನಗಳಲ್ಲಿ ಬರೆದ ರಾಜಕೀಯ ಪ್ರಬಂಧ. ಆದರೂ ಸಂವಾದವನ್ನು ಕುರಿತು ವಿಚಾರಮಾಡುವ ಸಾಹಿತ್ಯದ ವಿದ್ಯಾರ್ಥಿಗಳು ಎರಡನ್ನೂ ಒಟ್ಟಿಗೆ ಓದಿದರೆ ಲಾಭವುಂಟು.

ಕೊನೆಯ ಅಧ್ಯಾಯದಲ್ಲಿ ಓದುಗನು ಒಂದು ಸಹಜವಾದ ಪ್ರಶ್ನೆಯನ್ನು ಕೇಳುತ್ತಾನೆ: ನೀವು ಮಂದಗಾಮಿಯೂ ಅಲ್ಲ, ತೀವ್ರಗಾಮಿಯೂ ಅಲ್ಲ, ಹಾಗಾದರೆ ಮೂರನೆಯ ಪಕ್ಷವನ್ನು ಕಟ್ಟುತ್ತೀರೇನು? ಸಂಪಾದಕನು ಇದನ್ನು ತಳ್ಳಿಹಾಕುತ್ತಾನೆ. ಮಂದಗಾಮಿಗಳೆಲ್ಲರೂ ಒಂದೇ ವಿಚಾರದವರೆಂದು ಹೇಳಲಾಗದು. ಸೇವೆಯನ್ನೇ ಬಯಸುವವನಿಗೆ ಪಕ್ಷವೆಲ್ಲಿ? ತಾನು ಎರಡೂ ಪಂಗಡಗಳ ಸೇವೆಯನ್ನು ಮಾಡುವೆನು, ಒಪ್ಪದಿದ್ದಲ್ಲಿ ವಿನಯದಿಂದ ತಿಳಿಸಿ ಸೇವೆಯನ್ನು ಮುಂದುವರಿಸುವೆನು ಎನ್ನುತ್ತಾನೆ. ಮಧ್ಯಮಮಾರ್ಗಿಗಳು ಸಾಮಾನ್ಯವಾಗಿ ಬೀಳುವ ಹಳ್ಳವನ್ನು ಇಲ್ಲಿ ದಾಟಲಾಗಿದೆ. ಇಬ್ಬಣವನ್ನು ಕಂಡು ಬೇಸತ್ತವರು ತಮ್ಮದೊಂದು ಮೂರನೆಯ ಬಣವನ್ನು ಕಟ್ಟಿ, ಉಳಿದೆರಡನ್ನೂ ತುಚ್ಛೀಕರಿಸುವುದೇ ಸಮತೋಲವೆಂದು ಭಾವಿಸುತ್ತಾರೆ. ಜಗಳ ಆಗ ಮೂರು ಮೂಲೆಯದಾಗುತ್ತದೆ, ಅಷ್ಟೆ.

ಈ ಮಾತನ್ನು ಗಾಂಧೀಜಿ ನಡೆಸಿ ತೋರಿದ ಸ್ಥಳ ನಮ್ಮ ನಾಡಿನಲ್ಲಿಯೇ ಇದೆ. 1924ರ ಡಿಸೆಂಬರಿನ ಬೆಳಗಾವಿ ಅಧಿವೇಶನ ಅವರು ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನವೆಂಬುದನ್ನು ಕನ್ನಡಿಗರು ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಅಲ್ಲಿ ನಡೆದ ಕೆಲಸವನ್ನು ಅಷ್ಟಾಗಿ ನೆನೆಯುವುದಿಲ್ಲ. ಆ ಹೊತ್ತಿಗೆ ಕಾಂಗ್ರೆಸ್ ಮತ್ತೆ ಎರಡಾಗಿತ್ತು. ಶಾಸನಸಭೆಗಳನ್ನು ಪ್ರವೇಶಿಸಬೇಕೆಂದು ಚಿತ್ತರಂಜನ ದಾಸರೂ ಮೋತಿಲಾಲ್ ನೆಹರೂರವರೂ ಸ್ವರಾಜ್ಯ ಪಕ್ಷವನ್ನು ಕಟ್ಟಿದ್ದರು. ಬಹಿಷ್ಕಾರವನ್ನು ಬಿಡಕೂಡದೆಂಬ ಇನ್ನೊಂದು ಪಕ್ಷದವರು ಗಾಂಧೀಜಿಯ ಹೆಸರಿನಲ್ಲಿಯೇ ಹಟ ಹಿಡಿದಿದ್ದರು. ಗಾಂಧೀಜಿಯ ಸ್ವಂತ ಅಭಿಪ್ರಾಯ ಶಾಸನಸಭಾಪ್ರವೇಶಕ್ಕೆ ವಿರುದ್ಧವಾಗಿತ್ತು. ಆದರೂ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ದಾಸ್, ನೆಹರೂರವರೊಡನೆ ಒಪ್ಪಂದ ಮಾಡಿಕೊಂಡು, ವಿದೇಶಿ ಬಟ್ಟೆಯ ಬಹಿಷ್ಕಾರವೊಂದನ್ನುಳಿದು ಅಸಹಕಾರವನ್ನು ತಡೆಹಿಡಿದು, ಸ್ವರಾಜ್ಯ ಪಕ್ಷದವರು ಕಾಂಗ್ರೆಸ್ಸಿನ ಪರವಾಗಿಯೇ ಶಾಸನಸಭೆಗಳಲ್ಲಿ ಕೆಲಸಮಾಡಬಹುದೆಂದು ಬೆಳಗಾವಿಯಲ್ಲಿ ಅದನ್ನು ಅಂಗೀಕರಿಸಿದರು. ಪ್ರತಿಯಾಗಿ ಅವರು ಪಡೆದದ್ದು ನೂಲು: ಸದಸ್ಯತ್ವಕ್ಕೆ ನಾಲ್ಕಾಣೆಯ ಬದಲು ತಿಂಗಳಿಗೆ ಎರಡು ಸಾವಿರ ಗಜ ನೂಲು. ಆ ನಿಬಂಧನೆಯೂ ಒಂದು ವರ್ಷ ಬಾಳಲಿಲ್ಲ. 1925ರ ಸೆಪ್ಟೆಂಬರಿನಲ್ಲಿ ನಾಲ್ಕಾಣೆ ಹಿಂದಿರುಗಿತು. ಲಾಭನಷ್ಟದ ಲೆಕ್ಕ ಹಾಕುವವರಿಗೆ ಬೆಳಗಾವಿ ಗಾಂಧೀಜಿಯ ಸೋಲು. ಆದರೆ ಸೂರತ್ತಿನಂತೆ ಬೆಳಗಾವಿಯಲ್ಲಿ ಜೋಡು ಹಾರಲಿಲ್ಲ, ಸಂಸ್ಥೆ ಒಡೆಯಲಿಲ್ಲ.

ಗೋಖಲೆಯವರ ಹೆಸರಿನಲ್ಲಿ ಬೆಂಗಳೂರಿನಲ್ಲಿ 1945ರಲ್ಲಿ ಡಿ. ವಿ. ಗುಂಡಪ್ಪನವರು ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದ್ದೂ ಇದೇ ಪರಂಪರೆಯ ಇನ್ನೊಂದು ಕವಲು. ಪಕ್ಷವನ್ನು ಕಟ್ಟದೆ ವಿಚಾರವನ್ನು ಕಟ್ಟಬೇಕೆಂಬುದು ಅವರ ಸಂಕಲ್ಪವಾಗಿತ್ತು. ಅದನ್ನು ಕುರಿತು ಪ್ರತ್ಯೇಕವಾಗಿಯೇ ಬರೆಯಬೇಕು.

ಕಡೆಗೆ ಉಳಿಯುವ ಪ್ರಶ್ನೆ ಬಹಳ ತೊಡಕಿನದು. ಸಂಯಮವನ್ನು ಯಾರಿಂದ ಬೇಡುತ್ತೇವೆ? ‘ಹಿಂದ್ ಸ್ವರಾಜ್’ನ ಸಂಪಾದಕನೂ ಓದುಗನೂ ವಿದ್ಯಾವಂತರು, ಒಂದೇ ಜಗಲಿಯ ಮೇಲೆ ಕುಳಿತು ಮಾತನಾಡಬಲ್ಲವರು. ಆ ಜಗಲಿಯನ್ನು ಹತ್ತಲು ಅವಕಾಶವಿಲ್ಲದವರು ಈ ಸಂವಾದದಲ್ಲಿ ಇಲ್ಲ. ಇಪ್ಪತ್ತು ಅಧ್ಯಾಯಗಳಲ್ಲಿ ಅಸ್ಪೃಶ್ಯತೆಗಾಗಿ ಒಂದೂ ಅಧ್ಯಾಯವಿಲ್ಲ. ತಾಳ್ಮೆಯಿಂದ ಕಳೆದುಕೊಳ್ಳುವುದೇನೂ ಇಲ್ಲದವನು ತಾಳ್ಮೆಯನ್ನು ಬೋಧಿಸುವುದು ಸುಲಭ. ಈ ಆಕ್ಷೇಪವನ್ನು ಗಾಂಧೀಜಿಯ ಎದುರಿಗೆ ಅತ್ಯಂತ ಬಲವಾಗಿ ನಿಲ್ಲಿಸಿದವರು ಡಾ. ಅಂಬೇಡ್ಕರ್. ಲಾಹೋರಿನ ಜಾತ್‌ಪಾತ್ ತೋಡಕ್ ಮಂಡಲದ ಅಧಿವೇಶನಕ್ಕಾಗಿ ಅವರು 1936ರಲ್ಲಿ ಸಿದ್ಧಪಡಿಸಿದ ಅಧ್ಯಕ್ಷಭಾಷಣವನ್ನು ವ್ಯವಸ್ಥಾಪಕರು ಸಹಿಸದೆ ಅಧಿವೇಶನವನ್ನೇ ರದ್ದುಮಾಡಿದರು. ಕರೆದವರೇ ಮಾತನ್ನು ತಡೆದರು. ಅಂಬೇಡ್ಕರರು ಅದನ್ನು ತಾವೇ ಅಚ್ಚುಹಾಕಿಸಿ ‘ಜಾತಿ ವಿನಾಶ’ವೆಂಬ ಅರ್ಥದ ಹೆಸರಿನಿಂದ ಪ್ರಕಟಿಸಿದರು. ಗಾಂಧೀಜಿ ‘ಹರಿಜನ’ ಪತ್ರಿಕೆಯಲ್ಲಿ ಅದನ್ನು ವಿಮರ್ಶಿಸಿದರು. ಅದರ ಮುಖ್ಯ ವಾದವನ್ನು ಒಪ್ಪಲಿಲ್ಲವಾದರೂ, ಯಾವ ಸುಧಾರಕನೂ ಆ ಭಾಷಣವನ್ನು ಕಡೆಗಣಿಸುವಂತಿಲ್ಲವೆಂದು ಓದುಗರಿಗೆ ತಿಳಿಸಿದರು.

ಮುಂದಿನ ವರ್ಷ, 1937ರಲ್ಲಿ, ಅಂಬೇಡ್ಕರರು ತಮ್ಮ ಪುಸ್ತಕದ ಎರಡನೆಯ ಆವೃತ್ತಿಯನ್ನು ಹೊರತಂದರು. ಗಾಂಧೀಜಿಯ ಆ ಲೇಖನಗಳನ್ನು ಅವರು ಅದರಲ್ಲಿ ಅನುಬಂಧವಾಗಿ ಸೇರಿಸಿದರು, ಸಾರಾಂಶವನ್ನಲ್ಲ, ಲೇಖನಗಳನ್ನೇ. ಅವುಗಳ ಬೆನ್ನಿಗೆ ತಮ್ಮ ಉತ್ತರವನ್ನು ಇಟ್ಟರು. ಆ ಉತ್ತರದಲ್ಲಿ ಮೆದುಮಾತಿಲ್ಲ, ರಾಜಿಯಿಲ್ಲ. ಗಾಂಧೀಜಿಯ ವರ್ಣವಿಚಾರವನ್ನು ಅದು ಎಳೆಎಳೆಯಾಗಿ ಬಿಡಿಸಿಹಾಕುತ್ತದೆ. ಆದರೆ ಪುಸ್ತಕವನ್ನು ಕೈಗೆತ್ತಿಕೊಂಡವನು ಅಂಬೇಡ್ಕರರ ಭಾಷಣವನ್ನು ಓದಿ, ಗಾಂಧೀಜಿಯ ಆಕ್ಷೇಪವನ್ನು ಗಾಂಧೀಜಿಯ ಮಾತಿನಲ್ಲಿಯೇ, ಅವರದೇ ಹೆಸರಿನ ಕೆಳಗೆ ಓದಿ, ಆ ಮೇಲೆಯೇ ಅಂಬೇಡ್ಕರರ ಉತ್ತರದ ಪುಟವನ್ನು ತಿರುವುತ್ತಾನೆ.